ಕತ್ತಲಲ್ಲಿ ಕ್ಯಾಮೆರಾ ಹೇಗಿದೆ? ಸೆನ್ಸರ್ ನಾಯ್ಸ್ ಟೆಸ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕ್ಯಾಮೆರಾ ಕೈಗೆ ಬಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: ‘ಲೋ ಲೈಟಲ್ಲಿ ಹೇಗಿದೆ?’ ಅರ್ಧ ದಿನ ಬಿಡುವು ಮಾಡಿಕೊಂಡು ಟೆಸ್ಟ್ ಮಾಡಿದರೆ ಇದಕ್ಕೆ ನಿಮ್ಮದೇ ಉತ್ತರ ಸಿಗುತ್ತದೆ. ಛಾಯಾಗ್ರಹಣ ಕಲಿಯುವವರು, ಅಸಿಸ್ಟೆಂಟ್‌ಗಳು, ಸ್ವಂತ ಕ್ಯಾಮೆರಾ ಇಟ್ಟುಕೊಂಡವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಲೆಕ್ಕದ್ದು ಕೊನೆಗೆ.

## ಶುರುವಿಗೆ

ನಾಯ್ಸ್ ಅಂದ್ರೆ ಏನು? ಅದು ಕತ್ತಲ ಜಾಗದಲ್ಲೇ ಯಾಕೆ ಎದ್ದು ಕಾಣತ್ತೆ?

ಚಿತ್ರದಲ್ಲಿ ಕಾಣುವ ಬೇಡದ ಚುಕ್ಕೆ, ಮಚ್ಚೆ, ಗೆರೆಗಳೇ ನಾಯ್ಸ್. ಬೆಳಕು ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಮೇಲೆ ಒಂದೇ ಸಮನೆ ಸುರಿಯುವುದಿಲ್ಲ. ಮಳೆಹನಿಯ ಹಾಗೆ ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಜೋರು ಮಳೆಗೆ ಇಟ್ಟ ಲೋಟಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತುಂಬುತ್ತವೆ. ತುಂತುರು ಮಳೆಯಲ್ಲಿ ಒಂದಕ್ಕೆ ಎರಡು ಹನಿ ಬಿದ್ದರೆ ಪಕ್ಕದ್ದಕ್ಕೆ ಐದು. ಪಿಕ್ಸೆಲ್‌ಗಳ ಕತೆಯೂ ಇದೇ.

ಲೆಕ್ಕ ಸರಳ. ಸಿಕ್ಕ ಬೆಳಕಿನ ವರ್ಗಮೂಲದಷ್ಟು ಏರುಪೇರು ಇರುತ್ತದೆ. ಬಿದ್ದ ಬೆಳಕು ಪಿಕ್ಸೆಲಲ್ಲಿ ಎಲೆಕ್ಟ್ರಾನ್ ಆಗುತ್ತದೆ. 10,000 ಎಲೆಕ್ಟ್ರಾನ್ ಸಿಕ್ಕ ಕಡೆ ಏರುಪೇರು 100, ಅಂದರೆ ಶೇ. 1. ಬರೀ 100 ಸಿಕ್ಕ ಕಡೆ ಏರುಪೇರು 10, ಅಂದರೆ ಶೇ. 10. ಇದಕ್ಕೆ ಶಾಟ್ ನಾಯ್ಸ್ ಅಂತಾರೆ. ಇದು ಬೆಳಕಿನದೇ ಗುಣ. ಎಷ್ಟು ದುಬಾರಿ ಕ್ಯಾಮೆರಾ ತಂದರೂ ತಪ್ಪಿದ್ದಲ್ಲ.

ಇದರ ಮೇಲೆ ಸೆನ್ಸರ್ ತನ್ನ ಪಾಲನ್ನೂ ಸೇರಿಸುತ್ತದೆ. ಪಿಕ್ಸೆಲ್ ಓದುವಾಗ ಸರ್ಕ್ಯೂಟ್ ಹುಟ್ಟಿಸುವ ರೀಡ್ ನಾಯ್ಸ್ ಒಂದು, ಬಿಸಿಗೆ ಹುಟ್ಟುವ ಡಾರ್ಕ್ ಕರೆಂಟ್ ಇನ್ನೊಂದು. ಹಗಲಿನ ಶಾಟಲ್ಲಿ ಇವು ಲೆಕ್ಕಕ್ಕೇ ಬರುವುದಿಲ್ಲ. ಕತ್ತಲ ಮೂಲೆಯಲ್ಲಿ ಬೆಳಕೇ ಕಡಿಮೆ, ಅಲ್ಲಿ ಇವುಗಳದ್ದೇ ದರ್ಬಾರು. ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ನಿಜವಾದ ವ್ಯತ್ಯಾಸ ಕಾಣುವುದೂ ಅಲ್ಲೇ.

ಐಎಸ್‌ಒ ಏರಿಸಿದ್ರೆ ನಾಯ್ಸ್ ಜಾಸ್ತಿ ಆಗತ್ತೆ, ಅಷ್ಟೇ ತಾನೆ?

ಪೂರ್ತಿ ಹಾಗಲ್ಲ. ಐಎಸ್‌ಒ (ಚಿತ್ರವನ್ನು ಬೆಳ್ಳಗೆ ಮಾಡುವ ಸೆಟ್ಟಿಂಗ್) ಏರಿಸಿದಾಗ ನಾವು ಸಾಮಾನ್ಯವಾಗಿ ಸೀನಿನ ಬೆಳಕನ್ನೋ ಐರಿಸನ್ನೋ (ಲೆನ್ಸಿನ ಒಳಗಿನ ತೂತು) ಇಳಿಸುತ್ತೇವೆ. ಸೆನ್ಸರ್‌ಗೆ ಬೆಳಕು ಕಡಿಮೆ ಸಿಕ್ಕಿತು, ಅದಕ್ಕೇ ನಾಯ್ಸ್ ಕಂಡಿತು. ತುಂಬಾ ಸಿನಿಮಾ ಕ್ಯಾಮೆರಾಗಳ ರಾ ಮೋಡಲ್ಲಿ, ಅಂದರೆ ಸೆನ್ಸರ್ ಓದಿದ್ದನ್ನು ಹೆಚ್ಚು ತಿದ್ದದೆ ಉಳಿಸುವಾಗ, ಐಎಸ್‌ಒ ಬರೀ ಮೆಟಾಡೇಟಾ (ಫೈಲಿನ ಜೊತೆ ಹೋಗುವ ಟಿಪ್ಪಣಿ). ಬೆಳಕು, ಐರಿಸ್ ಏನನ್ನೂ ಮುಟ್ಟದೆ 800ರಿಂದ 1600ಕ್ಕೆ ಹೋದರೆ ಕಾರ್ಡಿಗೆ ಹೋಗುವ ದತ್ತಾಂಶ ಬದಲಾಗುವುದಿಲ್ಲ. ಮಾನಿಟರ್ ಮಾತ್ರ ಬೆಳ್ಳಗಾಗುತ್ತದೆ. ಹಾಗಾಗಿ ಟೆಸ್ಟ್ ಮಾಡುವಾಗ ‘1600ರಲ್ಲಿ ನಾಯ್ಸ್ ಎಷ್ಟು’ ಅಂತ ಕೇಳಬೇಡಿ. ‘ಮಿಡ್ ಗ್ರೇಗಿಂತ ಎಷ್ಟು ಸ್ಟಾಪ್ ಕೆಳಗೆ ಹೋದರೆ ಚಿತ್ರ ಹಾಳಾಗುತ್ತದೆ’ ಅಂತ ಕೇಳಿ. ಮಿಡ್ ಗ್ರೇ ಅಂದರೆ ನಡು ಬೂದು ಮಟ್ಟ; ಒಂದು ಸ್ಟಾಪ್ ಕೆಳಗೆ ಅಂದರೆ ಬೆಳಕು ಅರ್ಧ. ಈ ಟೆಸ್ಟಿನಿಂದ ನಮಗೆ ಬೇಕಾಗಿರುವುದು ಆ ಒಂದು ಸಂಖ್ಯೆ.

ಇಷ್ಟೊಂದು ರಿವ್ಯೂ ಇರುವಾಗ ನಾನೇ ಯಾಕೆ ಒದ್ದಾಡ್ಬೇಕು?

ರಿವ್ಯೂ ಮಾಡಿದವರ ಲೆನ್ಸ್, ಕೋಡೆಕ್ (ವಿಡಿಯೊ ಕುಗ್ಗಿಸಿ ಉಳಿಸುವ ವಿಧಾನ), ಫರ್ಮ್‌ವೇರ್, ಗ್ರೇಡ್ (ಆಮೇಲೆ ಬಣ್ಣ, ಬೆಳಕು ತಿದ್ದುವ ಕೆಲಸ) ಯಾವುದೂ ನಿಮ್ಮದಲ್ಲ. ಅವರು ನೋಡಿದ್ದು ದೊಡ್ಡ ಮಾನಿಟರಲ್ಲಿ. ನೀವು ನೋಡುತ್ತಿರುವುದು ಸ್ಟ್ರೀಮಿಂಗ್‌ಗೆ ಕುಗ್ಗಿಸಿದ ವಿಡಿಯೊದಲ್ಲಿ, ಮತ್ತೆ ಆ ಕುಗ್ಗಿಸುವಿಕೆ ಮೊದಲು ತಿನ್ನುವುದೇ ಕತ್ತಲ ಜಾಗದ ಸಣ್ಣ ವಿವರವನ್ನು. ಯಾವ ಕ್ಯಾಮೆರಾ ಕೊಳ್ಳಬೇಕು ಅಂತ ಆರಿಸಲು ರಿವ್ಯೂ ಸಾಕು. ಆ ಕ್ಯಾಮೆರಾದಲ್ಲಿ ರಾತ್ರಿ ಸೀನನ್ನು ಹೇಗೆ ಲೈಟ್ ಮಾಡಬೇಕು ಅನ್ನೋದಕ್ಕೆ ಸಾಲದು.

ಲೆನ್ಸ್ ಕ್ಯಾಪ್ ಹಾಕಿ ಒಂದು ನಿಮಿಷ ರೆಕಾರ್ಡ್ ಮಾಡಿದ್ರೆ ಸಾಕಲ್ವಾ?

ಸಾಲದು, ಆದರೆ ಮಾಡಿ. ಐದು ನಿಮಿಷದ ಕೆಲಸ, ಸಿಗುವ ಮಾಹಿತಿ ಬಹಳ. ಕ್ಯಾಪ್ ಹಾಕಿ, ವ್ಯೂಫೈಂಡರ್ ಕಡೆಯಿಂದಲೂ ಬೆಳಕು ನುಗ್ಗದ ಹಾಗೆ ಕಪ್ಪು ಬಟ್ಟೆ ಹೊದಿಸಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಗ್ರೇಡಿಂಗಲ್ಲಿ ಗೇನ್ ಅನ್ನು (ಹೊಳಪು ಹಿಗ್ಗಿಸುವುದು) ಜೋರಾಗಿ ಎಳೆಯಿರಿ. ಪರದೆ ತುಂಬ ಸಣ್ಣ ಮರಳಿನಂತೆ ಕುಣಿಯುವುದು ಕಂಡರೆ ಒಳ್ಳೆಯದು. ಮೇಲಿನಿಂದ ಕೆಳಗೆ ನಿಂತ ಗೆರೆಗಳು, ಒಂದು ಮೂಲೆಯಲ್ಲಿ ಕೆಂಪು ಮಬ್ಬು, ಅಲ್ಲಾಡದೆ ಕೂತ ಬಿಳಿ ಚುಕ್ಕೆಗಳು ಕಂಡರೆ ಬರೆದಿಟ್ಟುಕೊಳ್ಳಿ.

ಕ್ಯಾಪ್ ಟೆಸ್ಟ್ ತೋರಿಸದೇ ಇರುವುದು ಶಾಟ್ ನಾಯ್ಸ್, ಯಾಕಂದರೆ ಅಲ್ಲಿ ಬೆಳಕೇ ಇಲ್ಲ. ಇನ್ನೊಂದು: ಕೆಲವು ಕ್ಯಾಮೆರಾಗಳು ಪೂರ್ತಿ ಕಪ್ಪನ್ನು ಒಳಗೇ ಒರೆಸಿ ಚೊಕ್ಕ ಮಾಡುತ್ತವೆ. ಅಂಥ ಕ್ಯಾಮೆರಾ ಕ್ಯಾಪ್ ಟೆಸ್ಟಲ್ಲಿ ಫಸ್ಟ್ ಕ್ಲಾಸು. ಕಪ್ಪು ಕೋಟಿನ ಮಡಿಕೆ ಎದುರಿಗೆ ಬಂದಾಗ ಬಣ್ಣ ಬಯಲು.

## ಟೆಸ್ಟ್ ಶೂಟ್ ಮಾಡುವಾಗ

ದುಬಾರಿ ಚಾರ್ಟ್ ನನ್ನ ಹತ್ರ ಇಲ್ಲ. ಏನೇನು ಇಡಲಿ?

ಡೈನಮಿಕ್ ರೇಂಜ್ (ಕ್ಯಾಮೆರಾ ಹಿಡಿಯಬಲ್ಲ ಕಪ್ಪಿನಿಂದ ಬಿಳಿಯವರೆಗಿನ ಹರವು) ಅಳೆಯುವವರು ಬಳಸುವ ಕ್ಸೈಲಾ 21 ಅನ್ನೋ ಚಾರ್ಟ್ ಇದೆ. ಹಿಂದಿನಿಂದ ಬೆಳಗುವ 21 ಪಟ್ಟಿಗಳು, ಒಂದರಿಂದ ಒಂದಕ್ಕೆ ಒಂದೊಂದು ಸ್ಟಾಪ್ ಇಳಿಕೆ. ಲ್ಯಾಬಿಗೆ ಒಳ್ಳೆಯದು. ನಮಗೆ ಒಂದು ಶೇ. 18ರ ಗ್ರೇ ಕಾರ್ಡ್, ಒಂದು ಬಣ್ಣದ ಚಾರ್ಟ್, ಮತ್ತು ಒಬ್ಬ ತಾಳ್ಮೆಯ ಮನುಷ್ಯ ಸಾಕು.

ಮನುಷ್ಯ ಬೇಕೇ ಬೇಕು. ಗ್ರೇ ಕಾರ್ಡ್ ಮೇಲೆ ಕ್ಷಮಿಸಬಹುದಾದ ನಾಯ್ಸ್ ಕೆನ್ನೆಯ ಮೇಲೆ ಅಸಹ್ಯವಾಗಿ ಕಾಣುತ್ತದೆ. ಮುಖದ ಒಂದು ಬದಿಗೆ ಮಾತ್ರ ಬೆಳಕು ಕೊಡಿ, ಇನ್ನೊಂದು ಬದಿ ನೆರಳಿಗೆ ಜಾರಲಿ. ಕಪ್ಪು ಕೂದಲು ಇರಲಿ. ಸಾಧ್ಯವಾದರೆ ಬೇರೆ ಬೇರೆ ಮೈಬಣ್ಣದ ಇಬ್ಬರನ್ನು ಕೂರಿಸಿ. ಹಿಂದೆ ನೇಯ್ಗೆ ಎದ್ದು ಕಾಣುವ ಕಪ್ಪು ಬಟ್ಟೆ, ಕಡು ನೀಲಿ ಬಟ್ಟೆ, ಕಡು ಕೆಂಪು ಬಟ್ಟೆ ಮತ್ತು ಏನೂ ಇಲ್ಲದ ಸಾದಾ ಗೋಡೆ ಇರಲಿ. ನಾಯ್ಸ್ ಎಲ್ಲಕ್ಕಿಂತ ಮೊದಲು ಕಾಣುವುದು ಆ ಸಾದಾ ಗೋಡೆಯ ಮಬ್ಬು ಭಾಗದಲ್ಲಿ. ನೇಯ್ಗೆಯ ಬಟ್ಟೆ ಅದನ್ನು ಮುಚ್ಚಿಬಿಡುತ್ತದೆ.

ಫ್ರೇಮಿನ ಒಳಗೆ ಉರಿಯುವ ದೀಪ ಬೇಡ. ಲೆನ್ಸಿನ ಫ್ಲೇರ್ ನೆರಳನ್ನು ಎತ್ತಿ ಹಿಡಿದು ಟೆಸ್ಟನ್ನು ಕೆಡಿಸುತ್ತದೆ.

ಕ್ಯಾಮೆರಾ ಸೆಟ್ಟಿಂಗ್ ಹೇಗಿರ್ಬೇಕು?

ನೀವು ನಿಜವಾಗಿ ಶೂಟ್ ಮಾಡುವ ಕೋಡೆಕ್, ರೆಸಲ್ಯೂಷನ್, ಫ್ರೇಮ್ ರೇಟ್. ರಾ ಇಲ್ಲವೇ ಲಾಗ್ (ನೆರಳಿನ ಭಾಗವನ್ನು ಹಿಗ್ಗಿಸಿ ರೆಕಾರ್ಡ್ ಮಾಡುವ ಕರ್ವ್). ಒಳಗಿನ ನಾಯ್ಸ್ ರಿಡಕ್ಷನ್ ಮತ್ತು ಶಾರ್ಪ್‌ನಿಂಗ್ ಆಫ್. ಆಫ್ ಆಗದ ಕ್ಯಾಮೆರಾ ಆದರೆ ಅತಿ ಕಡಿಮೆಗೆ ಇಳಿಸಿ. ವೈಟ್ ಬ್ಯಾಲೆನ್ಸ್ ಕೈಯಾರೆ ಲಾಕ್ ಮಾಡಿ. ಆಟೊ ಅನ್ನುವ ಯಾವುದೂ ಬೇಡ.

ಶುರು ಮಾಡುವ ಮುಂಚೆ ಕ್ಯಾಮೆರಾವನ್ನು ಅರ್ಧ ಗಂಟೆ ಆನ್ ಇಟ್ಟು ಬಿಸಿ ಏರಲು ಬಿಡಿ. ಸೆನ್ಸರ್ ಉಷ್ಣತೆ ಆರೇಳು ಡಿಗ್ರಿ ಏರಿದರೆ ಡಾರ್ಕ್ ಕರೆಂಟ್ ಸುಮಾರಾಗಿ ಎರಡರಷ್ಟು ಆಗುತ್ತದೆ. ತಣ್ಣಗಿರುವ ಕ್ಯಾಮೆರಾದಲ್ಲಿ ತೆಗೆದ ಟೆಸ್ಟ್, ಮಧ್ಯಾಹ್ನದವರೆಗೆ ಉರಿದ ಕ್ಯಾಮೆರಾದ ಜಾತಕ ಹೇಳುವುದಿಲ್ಲ.

ಬ್ಲ್ಯಾಕ್ ಶೇಡಿಂಗ್ ಅಂತಾರಲ್ಲ, ಅದು ಮಾಡ್ಲೇಬೇಕಾ?

ಕ್ಯಾಮೆರಾದಲ್ಲಿ ಆ ಸೌಲಭ್ಯ ಇದ್ದರೆ ಮಾಡಿ. ಕ್ಯಾಪ್ ಹಾಕಿದಾಗ ಸೆನ್ಸರ್ ತನ್ನ ಕಪ್ಪು ಮಟ್ಟವನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಅಳೆದು, ಮುಂದೆ ಬರುವ ಪ್ರತಿ ಫ್ರೇಮಿನಿಂದ ಅದನ್ನು ಕಳೆಯುತ್ತದೆ. ನಿಂತ ಗೆರೆ, ಅಲ್ಲಾಡದ ಚುಕ್ಕೆ ಹೋಗುವುದು ಇದರಿಂದಲೇ. ಕುಣಿಯುವ ನಾಯ್ಸ್‌ಗೆ ಇದು ಮದ್ದಲ್ಲ. ರೆಡ್ ಕಂಪನಿಯ ಕ್ಯಾಮೆರಾಗಳಲ್ಲಿ ಇದನ್ನು ಸೆನ್ಸರ್ ಕ್ಯಾಲಿಬ್ರೇಷನ್ ಅಂತಾರೆ. ಸೋನಿಯಲ್ಲಿ ಎಪಿಆರ್, ಕ್ಯಾನನ್‌ನಲ್ಲಿ ಎಬಿಬಿ ಇದರ ಹತ್ತಿರದ ನೆಂಟರು. ಕ್ಯಾಮೆರಾ ಬಿಸಿ ಏರಿದ ಮೇಲೆ ಮಾಡಿ. ಮಾಡುವ ಮುಂಚೆ ಒಂದು ಕ್ಯಾಪ್ ಶಾಟ್, ಆದ ಮೇಲೆ ಇನ್ನೊಂದು ತೆಗೆದಿಟ್ಟರೆ ಏನು ಸರಿಹೋಯಿತು ಅಂತ ಕಣ್ಣಿಗೇ ಕಾಣುತ್ತದೆ.

ಒಂದೊಂದೇ ಸ್ಟಾಪ್ ಇಳಿಸೋದು ಹೇಗೆ? ಐರಿಸಾ, ಎನ್‌ಡಿನಾ, ಶಟರಾ?

ಟೆಸ್ಟಿನ ಜೀವ ಇಲ್ಲಿದೆ. ಮೊದಲು ಗ್ರೇ ಕಾರ್ಡನ್ನು ಸರಿಯಾದ ಮಟ್ಟಕ್ಕೆ ಕೂರಿಸಿ. ವೇವ್‌ಫಾರ್ಮ್ (ಬೆಳಕಿನ ಮಟ್ಟ ತೋರಿಸುವ ಗ್ರಾಫ್) ಮೇಲೆ ಆರಿ ಲಾಗ್‌ಸಿ3ಯಲ್ಲಿ ಸುಮಾರು ಶೇ. 39, ಸೋನಿ ಎಸ್‌-ಲಾಗ್3ರಲ್ಲಿ ಶೇ. 41, ಪ್ಯಾನಸಾನಿಕ್ ವಿ-ಲಾಗ್‌ನಲ್ಲಿ ಶೇ. 42. ಅದು ನಿಮ್ಮ ಸೊನ್ನೆ. ಆಮೇಲೆ ಒಂದು, ಎರಡು, ಮೂರು ಅಂತ ಆರು ಸ್ಟಾಪಿನವರೆಗೆ ಇಳಿಯುತ್ತಾ ಪ್ರತಿ ಹಂತಕ್ಕೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಪ್ರತಿ ಶಾಟಲ್ಲೂ ಹಂತ ಬರೆದ ಸ್ಲೇಟ್ ಇರಲಿ. ಎಡಿಟಲ್ಲಿ ನೋಡುವಾಗ ಎಲ್ಲಾ ಒಂದೇ ಥರ ಕಾಣುತ್ತದೆ, ತಲೆ ಕೆಡುತ್ತದೆ.

ಇಳಿಸುವುದಕ್ಕೆ ನನ್ನ ಮೊದಲ ಆಯ್ಕೆ, ಪ್ರತಿ ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳಬೇಕು ಅಂತ ನಿರ್ಧರಿಸುವ ಶಟರ್ ಆ್ಯಂಗಲ್. 180, 90, 45, 22.5, 11.25 ಡಿಗ್ರಿ, ಹೀಗೇ ಮುಂದಕ್ಕೆ: ಪ್ರತಿ ಸಲ ಅರ್ಧ, ಪ್ರತಿ ಸಲ ಕರಾರುವಾಕ್ಕಾಗಿ ಒಂದು ಸ್ಟಾಪ್. ಫೋಕಸ್ಸಿನ ಆಳ, ಫ್ಲೇರ್, ಲೆನ್ಸ್ ಮೂಲೆಯ ಕತ್ತಲೆ ಯಾವುದೂ ಬದಲಾಗುವುದಿಲ್ಲ. ಆದರೆ ದೀಪ ಮಿನುಗಬಾರದು. 50 ಹರ್ಟ್ಸ್ ಕರೆಂಟಿಗೆ ಹಾಕಿದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಕಿರಿದಾದ ಕೂಡಲೇ ಫ್ರೇಮಿಂದ ಫ್ರೇಮಿಗೆ ಬೆಳಕು ಏರಿಳಿಯುತ್ತದೆ, ಅಡ್ಡ ಪಟ್ಟಿ ಬರುತ್ತದೆ. ಅದನ್ನು ಸೆನ್ಸರಿನ ತಲೆಗೆ ಕಟ್ಟಬೇಡಿ. ಮಿನುಗದ ಸಿನಿಮಾ ದೀಪ ಅಥವಾ ದೊಡ್ಡ ಟಂಗ್‌ಸ್ಟನ್ ಬಳಸಿ.

ಐರಿಸ್ ಎರಡನೆಯ ಆಯ್ಕೆ. ಸ್ಟಿಲ್ ಲೆನ್ಸುಗಳಲ್ಲಿ ಎಫ್ ಗುರುತುಗಳು ಅಷ್ಟು ನಿಖರ ಇರುವುದಿಲ್ಲ, ಸಿನಿಮಾ ಲೆನ್ಸಿನ ಟಿ ಗುರುತು ವಾಸಿ. ಎನ್‌ಡಿ ಫಿಲ್ಟರಿನದ್ದು (ಬೆಳಕು ತಗ್ಗಿಸುವ ಬೂದು ಗಾಜು) ಬೇರೆಯೇ ತಕರಾರು: ಗಾಢ ಎನ್‌ಡಿಗಳು ಬಣ್ಣ ತಿರುಗಿಸುತ್ತವೆ, ಆಗ ನಾಯ್ಸ್ ಬಣ್ಣವೂ ಬದಲಾಗುತ್ತದೆ. ದೀಪದ ಡಿಮ್ಮರ್ ಮಾತ್ರ ಬೇಡ. ಟಂಗ್‌ಸ್ಟನ್ ಡಿಮ್ ಮಾಡಿದರೆ ಕೆಂಪಾಗುತ್ತದೆ, ಹೋಲಿಕೆ ಅಲ್ಲಿಗೆ ಮುಗಿಯಿತು.

ಟಂಗ್‌ಸ್ಟನ್ ಬೆಳಕಲ್ಲಿ ನಾಯ್ಸ್ ಜಾಸ್ತಿ ಅನ್ಸತ್ತೆ. ನನ್ನ ಭ್ರಮೆನಾ?

ಭ್ರಮೆಯಲ್ಲ. 3200 ಕೆಲ್ವಿನ್ ಬೆಳಕಲ್ಲಿ ನೀಲಿ ಬಹಳ ಕಡಿಮೆ. ವೈಟ್ ಬ್ಯಾಲೆನ್ಸ್ ಸರಿ ಮಾಡಲು ನೀಲಿ ಚಾನೆಲ್ ಅನ್ನು ಜೋರಾಗಿ ಎತ್ತಬೇಕು, ಅದರ ಜೊತೆಗೆ ನೀಲಿಯ ನಾಯ್ಸೂ ಏಳುತ್ತದೆ. ಅದಕ್ಕೇ ಇಡೀ ಸರಣಿಯನ್ನು 5600ರಲ್ಲಿ (ಹಗಲು ಬೆಳಕಿನ ಬಣ್ಣ) ಒಮ್ಮೆ, 3200ರಲ್ಲಿ ಒಮ್ಮೆ ತೆಗೆಯಿರಿ. ಗ್ರೇಡಿಂಗಲ್ಲಿ ನೀಲಿ ಚಾನೆಲ್ ಒಂದನ್ನೇ ಕಪ್ಪುಬಿಳುಪಾಗಿ ನೋಡಿದರೆ ಗಾಬರಿಯಾಗಬೇಡಿ. ಎಲ್ಲಾ ಕ್ಯಾಮೆರಾದಲ್ಲೂ ಅದೇ ಕೊಳಕು ಚಾನೆಲ್.

ಡ್ಯುಯಲ್ ನೇಟಿವ್ ಐಎಸ್‌ಒ ಇದ್ರೆ ಏನು ಮಾಡ್ಲಿ?

ಎರಡೂ ಬೇಸಿಗೆ, ಅಂದರೆ ಸೆನ್ಸರಿನ ಎರಡೂ ಮೂಲ ಐಎಸ್‌ಒಗೆ, ಪೂರ್ತಿ ಟೆಸ್ಟ್ ಬೇರೆ ಬೇರೆ ಮಾಡಿ. ಇಲ್ಲಿ ಸೆನ್ಸರಿನ ಒಳಗಿನ ಗೇನ್ ಸರ್ಕ್ಯೂಟೇ ಬದಲಾಗುತ್ತದೆ, ಅಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಕ್ಯಾಮೆರಾ ಇದ್ದ ಹಾಗೇ ಲೆಕ್ಕ. 2014ರಲ್ಲಿ ಬಂದ ಪ್ಯಾನಸಾನಿಕ್ ವ್ಯಾರಿಕ್ಯಾಮ್ 35ರಲ್ಲಿ 800 ಮತ್ತು 5000, ಸೋನಿ ವೆನಿಸ್‌ನಲ್ಲಿ 500 ಮತ್ತು 2500.

ಇಲ್ಲಿ ಒಂದು ತಮಾಷೆ ಇದೆ. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆಯಲ್ಲಿ ಬೇಸ್ 400 ಮತ್ತು 3200. 1000ದವರೆಗೆ ಮೊದಲ ಸರ್ಕ್ಯೂಟ್, 1250ರಿಂದ ಮೇಲೆ ಎರಡನೆಯದು. ಹಾಗಾಗಿ 1000ಕ್ಕಿಂತ 1250ರಲ್ಲಿ ನೆರಳು ಚೊಕ್ಕವಾಗಿರುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಈ ಹೊರಳುವ ಜಾಗ ಎಲ್ಲಿದೆ ಅಂತ ಹುಡುಕುವುದೇ ಟೆಸ್ಟಿನ ಒಂದು ಭಾಗ. ಅದರ ಸ್ವಲ್ಪ ಕೆಳಗಿನ ಐಎಸ್‌ಒ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಆರಿ ಅಲೆಕ್ಸಾದ್ದು ಬೇರೆ ದಾರಿ. ಅದು ಪ್ರತಿ ಪಿಕ್ಸೆಲನ್ನು ಎರಡು ಗೇನಲ್ಲಿ ಒಟ್ಟಿಗೇ ಓದಿ ಸೇರಿಸುತ್ತದೆ. ಅಲ್ಲಿ ಹೊರಳುವ ಜಾಗ ಹುಡುಕುವ ಕೆಲಸವಿಲ್ಲ.

## ಫುಟೇಜ್ ನೋಡುವಾಗ

ಟೆಸ್ಟ್ ಮುಗೀತು. ಈಗ ಹೇಗೆ ನೋಡ್ಲಿ?

ಎಲ್ಲಾ ಶಾಟುಗಳನ್ನೂ ಮತ್ತೆ ಸೊನ್ನೆಯ ಮಟ್ಟಕ್ಕೆ ಎತ್ತಿ. ಮೂರು ಸ್ಟಾಪ್ ಕಡಿಮೆ ತೆಗೆದದ್ದನ್ನು ಮೂರು ಸ್ಟಾಪ್ ಮೇಲಕ್ಕೆ. ರಾ ಆದರೆ ರಾ ಸೆಟ್ಟಿಂಗಿನ ಎಕ್ಸ್‌ಪೋಷರಲ್ಲೇ ಎತ್ತಿ. ಲಾಗ್ ಆದರೆ ಆಫ್‌ಸೆಟ್ (ಇಡೀ ಚಿತ್ರವನ್ನು ಒಂದೇ ಸಮ ಎತ್ತುವುದು) ಬಳಸಿ, ಗಾಮಾ (ನಡು ಮಟ್ಟವನ್ನು ಎಳೆಯುವುದು) ಹಿಡಿದು ಎಳೆಯಬೇಡಿ. ಎಲ್ಲಕ್ಕೂ ಒಂದೇ ಲಟ್ (ಬಣ್ಣ ಬದಲಿಸುವ ಸಿದ್ಧ ಕೋಷ್ಟಕ). ಗ್ರೇ ಕಾರ್ಡ್ ಎಲ್ಲಾ ಶಾಟಲ್ಲೂ ಒಂದೇ ಮಟ್ಟಕ್ಕೆ ಬಂದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ.

ಕಡ್ಡಾಯವಾಗಿ ಪ್ಲೇ ಮಾಡಿ ನೋಡಿ. ನಿಂತ ಫ್ರೇಮಲ್ಲಿ ಭಯಾನಕ ಅನ್ನಿಸಿದ್ದು ಓಡುವಾಗ ಕರಗಿಹೋಗುತ್ತದೆ, ನಿಂತ ಫ್ರೇಮಲ್ಲಿ ಕಾಣದ ಗೆರೆ ಓಡುವಾಗ ಎದ್ದು ಕೂರುತ್ತದೆ. ಮಬ್ಬು ಕೋಣೆ, ಗಾಮಾ 2.4ಕ್ಕೆ ಕ್ಯಾಲಿಬ್ರೇಟ್ ಆದ ಮಾನಿಟರ್ ಇರಲಿ. ಹಗಲು ಬೆಳಕಿನ ಕೋಣೆಯ ಲ್ಯಾಪ್‌ಟಾಪಲ್ಲಿ ನೆರಳೇ ಕಾಣುವುದಿಲ್ಲ, ನಾಯ್ಸ್ ಎಲ್ಲಿಂದ ಕಾಣಬೇಕು? ಇನ್ನೂರು ಪರ್ಸೆಂಟ್ ಜೂಮ್ ಮಾಡುವುದು ದೋಷ ಹುಡುಕುವಾಗ ಸರಿ, ತೀರ್ಪು ಕೊಡುವಾಗ ಬೇಡ.

ಯಾವ ನಾಯ್ಸ್ ಇದ್ರೆ ಪರವಾಗಿಲ್ಲ, ಯಾವುದು ಇರಲೇಬಾರದು?

ನನ್ನ ಮಟ್ಟಿಗೆ ಇಡೀ ಟೆಸ್ಟಿನಲ್ಲಿ ಇದೇ ದೊಡ್ಡ ಪ್ರಶ್ನೆ. ನಾಯ್ಸ್ ಎಷ್ಟಿದೆ ಅನ್ನೋದಕ್ಕಿಂತ ಎಂಥದ್ದು ಅನ್ನೋದು ಮುಖ್ಯ. ಸಣ್ಣಗೆ, ಬಣ್ಣವಿಲ್ಲದೆ, ಫ್ರೇಮಿಂದ ಫ್ರೇಮಿಗೆ ಜಾಗ ಬದಲಿಸುವ ನಾಯ್ಸನ್ನು ಕಣ್ಣು ಫಿಲ್ಮ್ ಗ್ರೇನ್ ಅಂತಲೇ ಒಪ್ಪಿಕೊಳ್ಳುತ್ತದೆ. ಅದು ಸ್ವಲ್ಪ ಜಾಸ್ತಿ ಇದ್ದರೂ ಯಾರೂ ಕೇಳುವುದಿಲ್ಲ.

ಒಂದೇ ಜಾಗದಲ್ಲಿ ಕೂತದ್ದು ಕೆಟ್ಟದ್ದು. ಕ್ಯಾಮೆರಾ ಪ್ಯಾನ್ ಮಾಡಿ ನೋಡಿ: ಗೋಡೆ ಸರಿಯುತ್ತದೆ, ಗೆರೆಗಳು ಗಾಜಿನ ಮೇಲಿನ ಕೊಳೆಯಂತೆ ನಿಂತೇ ಇರುತ್ತವೆ. ಒಮ್ಮೆ ಕಂಡರೆ ಆಮೇಲೆ ಕಣ್ಣು ಬೇರೆ ಕಡೆ ಹೋಗುವುದೇ ಇಲ್ಲ. ಅದಕ್ಕೇ ಟೆಸ್ಟಿನ ಪ್ರತಿ ಹಂತದಲ್ಲೂ ಒಂದು ನಿಧಾನ ಪ್ಯಾನ್ ಸೇರಿಸಿ. ಕೆಂಪು, ಹಸಿರು ಮಚ್ಚೆಗಳಾಗಿ ಗುಂಪುಗಟ್ಟುವ ಬಣ್ಣದ ನಾಯ್ಸೂ ಅಷ್ಟೇ ಕೆಟ್ಟದ್ದು, ಮುಖ್ಯವಾಗಿ ಮುಖದ ನೆರಳಿನ ಬದಿಯಲ್ಲಿ.

ಅಡ್ಡ ಗೆರೆಗಳು ಬಂದು ಹೋಗಿ ಮಾಡುತ್ತಿದ್ದರೆ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಇನ್ನೊಮ್ಮೆ ತೆಗೆಯಿರಿ. ತಪ್ಪು ಸೆನ್ಸರಿಂದಲೋ ಕರೆಂಟಿಂದಲೋ ಗೊತ್ತಾಗುತ್ತದೆ.

ನೆರಳು ಎತ್ತಿದ್ರೆ ಕಪ್ಪೆಲ್ಲ ಮಜೆಂಟಾ ಆಗತ್ತೆ. ಕ್ಯಾಮೆರಾ ಕೆಟ್ಟಿದ್ಯಾ?

ಕೆಟ್ಟಿರಬೇಕು ಅಂತೇನಿಲ್ಲ. ನಾಯ್ಸ್ ಸೊನ್ನೆಯ ಮೇಲೂ ಕೆಳಗೂ ಸಮನಾಗಿ ಆಡಬೇಕು. ಅದಕ್ಕೇ ಕ್ಯಾಮೆರಾಗಳು ಕಪ್ಪು ಮಟ್ಟವನ್ನು ಸ್ವಲ್ಪ ಎತ್ತರಿಸಿ ರೆಕಾರ್ಡ್ ಮಾಡುತ್ತವೆ. ಎಲ್ಲಾದರೂ ಸೊನ್ನೆಯ ಕೆಳಗಿನ ಅರ್ಧ ಕತ್ತರಿಸಿ ಹೋದರೆ ಮೇಲಿನ ಅರ್ಧ ಮಾತ್ರ ಉಳಿಯುತ್ತದೆ, ಸರಾಸರಿ ಮೇಲಕ್ಕೆ ಜಾರುತ್ತದೆ. ವೈಟ್ ಬ್ಯಾಲೆನ್ಸ್ ಕೆಂಪು ಮತ್ತು ನೀಲಿಯನ್ನು ಹಸಿರಿಗಿಂತ ಜಾಸ್ತಿ ಗುಣಿಸುತ್ತದೆ. ಕೆಂಪು, ನೀಲಿ ಎರಡೂ ಜಾಸ್ತಿಯಾದರೆ ಕಾಣುವುದು ಮಜೆಂಟಾ. ಎಲ್ಲಾ ಹಂತದಲ್ಲೂ ಒಂದೇ ಪ್ರಮಾಣದಲ್ಲಿ ಇದ್ದರೆ ಗ್ರೇಡಲ್ಲಿ ಸರಿಪಡಿಸಬಹುದು. ಒಂದು ಹಂತದಿಂದ ಕೆಳಗೆ ದಿಢೀರನೆ ಶುರುವಾದರೆ ಆ ಹಂತವನ್ನೇ ನಿಮ್ಮ ತಳ ಅಂತ ಇಟ್ಟುಕೊಳ್ಳಿ.

ನನ್ನದು 4ಕೆ, ಗೆಳೆಯನದ್ದು 8ಕೆ. ಹೇಗೆ ಹೋಲಿಸೋದು?

ಎರಡನ್ನೂ ಒಂದೇ ಡೆಲಿವರಿ ಅಳತೆಗೆ ಇಳಿಸಿ. 8ಕೆ ಚಿತ್ರವನ್ನು 4ಕೆಗೆ ಇಳಿಸಿದಾಗ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತದೆ, ಕುಣಿಯುವ ನಾಯ್ಸ್ ಸುಮಾರು ಅರ್ಧವಾಗುತ್ತದೆ. ಪಿಕ್ಸೆಲಿಗೆ ಪಿಕ್ಸೆಲ್ ಹೋಲಿಸಿ 8ಕೆ ಕ್ಯಾಮೆರಾ ಕೊಳಕು ಅನ್ನುವುದು ಅನ್ಯಾಯ.

ಎಚ್.265ರಲ್ಲಿ ನಾಯ್ಸೇ ಕಾಣ್ಸಲ್ಲ, ಅದೇ ವಾಸಿ ಅಲ್ವಾ?

ಎಚ್.265 ವಿಡಿಯೊವನ್ನು ಬಹಳ ಕುಗ್ಗಿಸುವ ಕೋಡೆಕ್. ನಾಯ್ಸ್ ಜೊತೆ ಕೋಟಿನ ನೇಯ್ಗೆಯೂ ಕೂದಲಿನ ಎಳೆಯೂ ಹೋಗಿರುತ್ತದೆ. ನೆರಳನ್ನು ಎರಡು ಸ್ಟಾಪ್ ಎತ್ತಿ ನೋಡಿ: ಚೌಕ ಚೌಕ ಮಚ್ಚೆಗಳು, ನಿಂತು ನಿಂತು ಜಿಗಿಯುವ ಗೋಡೆ. ಎಂಟು ಬಿಟ್ ಆದರೆ ಬಣ್ಣದ ಮೆಟ್ಟಿಲುಗಳೂ ಸೇರಿಕೊಳ್ಳುತ್ತವೆ.

## ಇನ್ನೂ ಆಳಕ್ಕೆ

ಕಣ್ಣಂದಾಜು ಬೇಡ, ಅಂಕಿ ಬೇಕು. ಮನೆಯಲ್ಲೇ ಅಳೆಯಬಹುದಾ?

ಅಳೆಯಬಹುದು. ಇಮೇಜ್‌ಜೆ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಟ್ರೈಪಾಡ್ ಮೇಲೆ, ಗ್ರೇ ಕಾರ್ಡನ್ನು ಸ್ವಲ್ಪ ಔಟ್ ಆಫ್ ಫೋಕಸ್ ಮಾಡಿ ತೆಗೆದ ಶಾಟ್ ಬೇಕು. ಅದನ್ನು ಲೀನಿಯರ್ ಮಾಡಿ (ಲಾಗ್ ಕರ್ವ್ ಬಿಚ್ಚಿ) 16 ಬಿಟ್ ಟಿಫ್ ಫ್ರೇಮುಗಳಾಗಿ ಹೊರಗೆ ತೆಗೆಯಿರಿ. ಲಾಗಲ್ಲೇ ಅಳೆದರೆ ಅಂಕಿಗೆ ಅರ್ಥವಿಲ್ಲ, ಕರ್ವ್ ನೆರಳನ್ನು ಹಿಗ್ಗಿಸಿರುತ್ತದೆ.

ಅಕ್ಕಪಕ್ಕದ ಎರಡು ಫ್ರೇಮ್ ತೆಗೆದುಕೊಂಡು ಒಂದರಿಂದ ಒಂದನ್ನು 32 ಬಿಟ್‌ನಲ್ಲಿ ಕಳೆಯಿರಿ. ಅಲ್ಲಾಡದ್ದೆಲ್ಲ ರದ್ದಾಗಿ ಕುಣಿಯುವುದು ಮಾತ್ರ ಉಳಿಯುತ್ತದೆ. ಗ್ರೇ ಕಾರ್ಡ್ ಭಾಗದ ಸ್ಟ್ಯಾಂಡರ್ಡ್ ಡೀವಿಯೇಷನ್ ನೋಡಿ 1.414ರಿಂದ ಭಾಗಿಸಿ. ಅದು ಒಂದು ಫ್ರೇಮಿನ ನಾಯ್ಸ್. ಕಪ್ಪು ಮಟ್ಟ ಕಳೆದ ಸರಾಸರಿ ಸಿಗ್ನಲನ್ನು ಇದರಿಂದ ಭಾಗಿಸಿದರೆ ಸಿಗ್ನಲ್‌ಗೂ ನಾಯ್ಸ್‌ಗೂ ಇರುವ ಅನುಪಾತ ಬಂತು.

ನಿಂತ ನಾಯ್ಸ್ ಬೇಕಾದರೆ ಉಲ್ಟಾ ಕೆಲಸ. 64 ಫ್ರೇಮುಗಳ ಸರಾಸರಿ ತೆಗೆಯಿರಿ. ಕುಣಿಯುವುದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಉಳಿದದ್ದು ಹೆಚ್ಚಿನಂಶ ಸೆನ್ಸರಿನ ಮುದ್ರೆ. ಕ್ಯಾಪ್ ಶಾಟಿನ ಮೇಲೆ ಹೀಗೆ ಮಾಡಿ ಕಾಂಟ್ರಾಸ್ಟ್ ಏರಿಸಿದರೆ, ಬರಿಗಣ್ಣಿಗೆ ಕಾಣದ ಗೆರೆಗಳು ಎಕ್ಸ್‌ರೇ ಹಾಗೆ ಮೂಡುತ್ತವೆ.

ಕಂಪನಿ 16 ಸ್ಟಾಪ್ ಅನ್ನತ್ತೆ, ಟೆಸ್ಟಲ್ಲಿ 12 ಬರತ್ತೆ. ಯಾರು ಸುಳ್ಳು?

ಇಬ್ಬರೂ ಅಲ್ಲದಿರಬಹುದು. ಡೈನಮಿಕ್ ರೇಂಜಿನ ತಳ ಎಲ್ಲಿ ಅನ್ನೋದರಲ್ಲಿ ಜಗಳ. ಸಿಗ್ನಲ್ ನಾಯ್ಸಿಗೆ ಸಮವಾಗುವ ಜಾಗವನ್ನು, ಅಂದರೆ ಅನುಪಾತ 1 ಅನ್ನು, ತಳ ಅಂದರೆ ದೊಡ್ಡ ಸಂಖ್ಯೆ ಬರುತ್ತದೆ. 2 ಅಂತ ಹಿಡಿದರೆ ಚಿಕ್ಕದು.

ಒಂದು ಕಾಲ್ಪನಿಕ ಸೆನ್ಸರ್ ತಗೊಳ್ಳಿ. ಮಿಡ್ ಗ್ರೇಯಲ್ಲಿ 1600 ಎಲೆಕ್ಟ್ರಾನ್, ರೀಡ್ ನಾಯ್ಸ್ 3. ನಾಲ್ಕು ಸ್ಟಾಪ್ ಕೆಳಗೆ ಉಳಿಯುವುದು 100, ಅನುಪಾತ ಸುಮಾರು 9.6. ಆರು ಸ್ಟಾಪ್ ಕೆಳಗೆ 25, ಅನುಪಾತ 4.3. ಎಂಟು ಸ್ಟಾಪ್ ಕೆಳಗೆ ಬರೀ ಆರು ಚಿಲ್ಲರೆ, ಅನುಪಾತ 1.6. ಅನುಪಾತ 1ರ ಲೆಕ್ಕದಲ್ಲಿ ಈ ಎಂಟನೆಯ ಸ್ಟಾಪೂ ಇದೆ. ಅಲ್ಲಿ ಮುಖದ ವಿವರ ಹುಡುಕಲು ಹೋದರೆ ಏನೂ ಸಿಗುವುದಿಲ್ಲ. ಗಮನಿಸಿ, ರೀಡ್ ನಾಯ್ಸ್ ಶಾಟ್ ನಾಯ್ಸನ್ನು ಮೀರಿಸುವುದು ಆ ಎಂಟನೆಯ ಸ್ಟಾಪಿನ ಆಸುಪಾಸಲ್ಲೇ. ಅಲ್ಲಿಯವರೆಗೆ ಬೈಗುಳ ತಿನ್ನಬೇಕಾದ್ದು ಬೆಳಕಿನ ಕೊರತೆ.

ಕೊನೆಗೆ ಈ ಟೆಸ್ಟಿಂದ ಇಐ ಹೇಗೆ ನಿರ್ಧರಿಸೋದು?

ಇಐ (ಎಕ್ಸ್‌ಪೋಷರ್ ಇಂಡೆಕ್ಸ್) ಅಂದರೆ ಬೆಳಕು ಅಳೆಯುವಾಗ ನಾವು ಇಟ್ಟುಕೊಳ್ಳುವ ಐಎಸ್‌ಒ ಸಂಖ್ಯೆ. ನೀವು ಒಪ್ಪಬಹುದಾದ ಕೊನೆಯ ಹಂತ ಗುರುತಿಸಿ. ಉದಾಹರಣೆಗೆ ಬೇಸ್ 800ರಲ್ಲಿ ಮೂರು ಸ್ಟಾಪ್ ಕಡಿಮೆ ತೆಗೆದು ಎತ್ತಿದಾಗಲೂ ಮುಖ ಚೆನ್ನಾಗಿದೆ, ನಾಲ್ಕಕ್ಕೆ ಗೆರೆ ಕಾಣುತ್ತದೆ ಅಂದುಕೊಳ್ಳಿ. ರಾತ್ರಿ ಸೀನಲ್ಲಿ ವಿವರ ಬೇಕಾದ ನೆರಳನ್ನು ಅಳೆದು ನೋಡಿ, ಅದು ಗ್ರೇಡಲ್ಲಿ ಎಷ್ಟು ಏಳುತ್ತದೆ ಅಂತ ಅಂದಾಜು ಮಾಡಿ. ಅಂಚಿಗೆ ಬಂದಿದ್ದರೆ ಇಐ 400ಕ್ಕೆ ಇಟ್ಟು ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಡಿ. ನೆರಳು ಒಂದು ಸ್ಟಾಪ್ ಚೊಕ್ಕವಾಗುತ್ತದೆ, ಹೈಲೈಟಲ್ಲಿ ಒಂದು ಸ್ಟಾಪ್ ಕಳೆದುಕೊಳ್ಳುತ್ತೀರಿ. ಫ್ರೇಮಲ್ಲಿ ಬೀದಿದೀಪ, ಹೆಡ್‌ಲೈಟ್ ಇದ್ದರೆ ಈ ವ್ಯಾಪಾರ ದುಬಾರಿ. ಬರೀ ಮಬ್ಬು ಕೋಣೆ ಆದರೆ ಲಾಭವೇ. ಇಡೀ ಸಿನಿಮಾಕ್ಕೆ ಒಂದೇ ಇಐ ಇರಬೇಕು ಅನ್ನುವ ಹಟ ನನಗಿಲ್ಲ, ಸೀನ್ ನೋಡಿ ಬದಲಿಸಿ.

ಪೋಸ್ಟಲ್ಲಿ ಡಿನಾಯ್ಸ್ ಇದೆಯಲ್ಲ, ಇಷ್ಟೆಲ್ಲ ಯಾಕೆ?

ಇದೆ. ಗ್ರೇಡಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಸ್ಟುಡಿಯೊ ಆವೃತ್ತಿಯಲ್ಲಿ ಸಿಗುತ್ತದೆ, ಉಚಿತ ಆವೃತ್ತಿಯಲ್ಲಿ ಇಲ್ಲ. ಕುಣಿಯುವ ನಾಯ್ಸನ್ನು ಅದು ಚೆನ್ನಾಗಿ ತೆಗೆಯುತ್ತದೆ, ಯಾಕಂದರೆ ಫ್ರೇಮುಗಳ ಸರಾಸರಿ ತೆಗೆಯುವುದೇ ಅದರ ದಾರಿ. ನಿಂತ ಗೆರೆಗಳನ್ನು ಅದು ಚಿತ್ರದ್ದೇ ಭಾಗ ಅಂದುಕೊಳ್ಳುತ್ತದೆ. ಸುತ್ತಲಿನ ಮರಳು ಹೋಗಿ ಗೆರೆ ಇನ್ನೂ ಸ್ಪಷ್ಟವಾಗುತ್ತದೆ. ನಿಮ್ಮ ಟೆಸ್ಟಿನ ಕೊನೆಯ ಎರಡು ಹಂತಗಳ ಮೇಲೆ ಇದನ್ನು ಹಾಕಿ ನೋಡಿ, ಗೊತ್ತಾಗುತ್ತದೆ.

ಒಮ್ಮೆ ಮಾಡಿದ್ರೆ ಸಾಕಾ?

ಫರ್ಮ್‌ವೇರ್ ಬದಲಾದರೆ, ಹೊಸ ಕೋಡೆಕ್ ಇಲ್ಲವೇ ಹೈ ಸ್ಪೀಡ್ ಮೋಡ್ ಬಳಸುವುದಿದ್ದರೆ ಮತ್ತೆ ಮಾಡಿ. ಜಾಸ್ತಿ ಫ್ರೇಮ್ ರೇಟಿನಲ್ಲಿ ಕೆಲವು ಸೆನ್ಸರ್‌ಗಳು ಕಡಿಮೆ ಬಿಟ್‌ನಲ್ಲಿ ಓದುತ್ತವೆ, ಇಲ್ಲವೇ ಸಾಲು ಬಿಟ್ಟು ಓದುತ್ತವೆ. ನೆರಳು ಬೇರೆಯೇ ಆಗುತ್ತದೆ. ಒಂದೇ ಮಾಡೆಲಿನ ಎರಡು ಕ್ಯಾಮೆರಾ ಬಾಡಿಗೆಗೆ ತಂದರೆ ಎರಡಕ್ಕೂ ಕ್ಯಾಪ್ ಟೆಸ್ಟ್ ಮಾಡಿ. ಎ ಕ್ಯಾಮೆರಾದಲ್ಲಿ ಇಲ್ಲದ ಚುಕ್ಕೆ ಬಿ ಕ್ಯಾಮೆರಾದಲ್ಲಿ ಇರಬಹುದು.